ಚಗಳಿಯ ಚಿತ್ರಕ್ಕೆ ಎಷ್ಟು ಬೆಳಕು ಬೇಕು?

ಮಾವಿನ ಎಲೆಗಳನ್ನು ಹೆಣೆದು ಗೂಡು ಕಟ್ಟುವ ಚಗಳಿ ಇರುವೆಯನ್ನು ಮಲೆನಾಡಿನಲ್ಲಿ ಕಾಣದವರಿಲ್ಲ. ಅದರ ಉದ್ದ ಸುಮಾರು 8 ಮಿ.ಮೀ. ಅದನ್ನು ಫಿಲ್ಮಿನ ಮೇಲೆ ನಿಜಗಾತ್ರದಲ್ಲಿಯೇ ಮೂಡಿಸಬೇಕೆಂದು ಹೊರಟವನಿಗೆ ಮೊದಲು ಎದುರಾಗುವ ತೊಡಕು ಬೆಳಕಿನದು.

ಕಾರಣ ಸರಳವಾಗಿದೆ. ನಿಜಗಾತ್ರದ ಬಿಂಬ ಬೇಕಾದರೆ ಮಸೂರವನ್ನು ಫಿಲ್ಮಿನಿಂದ ಅದರ ಸಂಗಮದೂರದ ಎರಡರಷ್ಟು ಹಿಂದೆಗೆಯಬೇಕು. ದೂರ ಇಮ್ಮಡಿಯಾದರೆ ಅದೇ ಬೆಳಕು ನಾಲ್ಕರಷ್ಟು ವಿಸ್ತಾರಕ್ಕೆ ಹರಡಿಕೊಳ್ಳುತ್ತದೆ. ಐ.ಎಸ್.ಒ. 100ರ ಫಿಲ್ಮಿಗೆ ಒಳ್ಳೆಯ ಬಿಸಿಲಿನಲ್ಲಿ ಎಫ್/16ರ ರಂಧ್ರವಿಟ್ಟು ಸೆಕೆಂಡಿನ ನೂರನೆಯ ಒಂದು ಭಾಗ ತೆರೆದರೆ ಸಾಕಷ್ಟೆ. ಇಲ್ಲಿ ಇಪ್ಪತ್ತೈದನೆಯ ಒಂದು ಭಾಗ ತೆರೆಯಬೇಕಾಗುತ್ತದೆ. ಇರುವೆ ಸೆಕೆಂಡಿಗೆ 2 ಸೆ.ಮೀ. ನಡೆಯುವುದೆಂದು ಇಟ್ಟುಕೊಂಡರೆ, ಅಷ್ಟರಲ್ಲಿ ಅದು 0.8 ಮಿ.ಮೀ. ಸರಿದಿರುತ್ತದೆ; ಅಂದರೆ ತನ್ನ ಮೈಯುದ್ದದ ಹತ್ತನೆಯ ಒಂದು ಪಾಲು! ರಂಧ್ರವನ್ನು ಹಿಗ್ಗಿಸೋಣವೆಂದರೆ ಅದಕ್ಕೂ ಎಡೆಯಿಲ್ಲ. ಎಫ್/16ರಲ್ಲಿಯೇ ಸ್ಪಷ್ಟವಾಗಿ ಮೂಡುವ ಆಳ ಸುಮಾರು 2 ಮಿ.ಮೀ. ಮಾತ್ರ. ಆದುದರಿಂದ ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಹೊಳೆದು ಆರುವ ವಿದ್ಯುತ್ ಫ್ಲಾಷ್ ಅನಿವಾರ್ಯವಾಗುತ್ತದೆ. ಅಷ್ಟು ಕಾಲದಲ್ಲಿ ಇರುವೆ ಸರಿಯುವುದು ಕೇವಲ 0.02 ಮಿ.ಮೀ.

ಈಚೆಗೆ ನಮ್ಮ ಕಾಲೇಜಿನ ವಿದ್ಯಾರ್ಥಿಯೊಬ್ಬ ತನ್ನ ತಾತನ ಪೆಟ್ಟಿಗೆಯಲ್ಲಿ ದೊರೆತ ಒಲಿಂಪಸ್ ಓಎಂ-1 ಕ್ಯಾಮರಾವನ್ನು ತಂದು, "ಸರ್, ಇದಕ್ಕೆ ಯಾವ ಫ್ಲಾಷ್ ಕೊಳ್ಳಲಿ? ಅಂಗಡಿಯವರು ದೊಡ್ಡದನ್ನೇ ಕೊಳ್ಳು ಅನ್ನುತ್ತಾರೆ" ಎಂದು ಕೇಳಿದ. ಅವನ ಬಳಿ ಇದ್ದದ್ದು ವಿದ್ಯಾರ್ಥಿವೇತನದಲ್ಲಿ ಉಳಿಸಿದ ಸ್ವಲ್ಪ ಹಣ. ಫಿಲ್ಮನ್ನೂ ಅದರಲ್ಲಿಯೇ ಕೊಳ್ಳಬೇಕು. ಕರಿಹಲಗೆಯ ಮೇಲೆ ಲೆಕ್ಕ ಹಾಕಿ ನೋಡೋಣವೆಂದೆ.

ಫ್ಲಾಷಿನ ಶಕ್ತಿಯನ್ನು ಗೈಡ್ ನಂಬರ್ ಎಂಬ ಸಂಖ್ಯೆಯಿಂದ ಸೂಚಿಸುತ್ತಾರೆ. ಅದನ್ನು ಮೀಟರುಗಳಲ್ಲಿ ಅಳೆದ ದೂರದಿಂದ ಭಾಗಿಸಿದರೆ ಇಡಬೇಕಾದ ಎಫ್ ಸಂಖ್ಯೆ ಬರುತ್ತದೆ. 50 ಮಿ.ಮೀ. ಮಸೂರದಿಂದ ನಿಜಗಾತ್ರದ ಚಿತ್ರ ತೆಗೆಯುವಾಗ ಇರುವೆಯು ಮಸೂರಕ್ಕೆ 10 ಸೆ.ಮೀ. ದೂರದಲ್ಲಿರುತ್ತದೆ. ಫ್ಲಾಷನ್ನು ಮಸೂರದ ಪಕ್ಕದಲ್ಲಿಯೇ ಹಿಡಿಯೋಣ. ಗೈಡ್ ನಂಬರ್ 12 ಇರುವ ಪುಟ್ಟ ಫ್ಲಾಷಿಗೆ 12ನ್ನು 0.1ರಿಂದ ಭಾಗಿಸಿದರೆ 120. ಬಿಂಬ ಹರಡಿಕೊಂಡ ನಷ್ಟಕ್ಕಾಗಿ ಅದನ್ನು ಅರ್ಧ ಮಾಡಿದರೆ ಎಫ್/60. ಆದರೆ ಆ ಮಸೂರದ ಕೊನೆಯ ಗುರುತು ಎಫ್/16! ಅಂದರೆ ಪುಟ್ಟ ಫ್ಲಾಷೇ ಬೇಕಾದುದಕ್ಕಿಂತ 14 ಪಟ್ಟು ಬೆಳಕು ಸುರಿಯುತ್ತದೆ. ಅಂಗಡಿಯವರು ತೋರಿಸಿದ, ಗೈಡ್ ನಂಬರ್ 36 ಇದ್ದ ಫ್ಲಾಷಾದರೋ ಅದರ ಒಂಬತ್ತು ಪಟ್ಟು. ಮದುವೆಯ ಚಪ್ಪರವನ್ನು ಬೆಳಗಲು ಅದು ತಕ್ಕುದು, ಇರುವೆಗಲ್ಲ.

ಇನ್ನೊಂದು ಸೊಗಸಾದ ಸಂಗತಿ ಉಂಟು. ಬಿಂಬವನ್ನು ನಿಜಗಾತ್ರದ ಇಮ್ಮಡಿ ಮಾಡಲು ಕ್ಯಾಮರಾವನ್ನು ಹತ್ತಿರ ಸರಿಸಿದರೆ ದೂರ 7.5 ಸೆ.ಮೀ. ಆಗುತ್ತದೆ. ವಿಲೋಮ ವರ್ಗ ನಿಯಮದಂತೆ ಇರುವೆಯ ಮೇಲೆ ಬೀಳುವ ಬೆಳಕು 1.78ರಷ್ಟು ಹೆಚ್ಚುತ್ತದೆ. ಫಿಲ್ಮಿನ ಮೇಲಾದರೆ ಬೆಳಕು ಹರಡಿಕೊಂಡು 2.25ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಒಟ್ಟಿನಲ್ಲಿ ಉಳಿದದ್ದು ಶೇಕಡ 79. ಈಗ ಹಿಂದೆ ಸರಿದು ಅರ್ಧಗಾತ್ರದ ಬಿಂಬಕ್ಕಾಗಿ 15 ಸೆ.ಮೀ. ದೂರದಲ್ಲಿ ನಿಲ್ಲಿ. ಫಲ ಮತ್ತೆ ಶೇಕಡ 79! ಒಂದು ಕಡೆಯ ನಷ್ಟವನ್ನು ಇನ್ನೊಂದು ಕಡೆಯ ಲಾಭ ಬಹುಮಟ್ಟಿಗೆ ತುಂಬಿಕೊಡುತ್ತದೆ. ಈ ಎಲ್ಲೆಯೊಳಗೆ ಒಮ್ಮೆ ಗೊತ್ತುಮಾಡಿಕೊಂಡ ರಂಧ್ರವನ್ನು ಬದಲಾಯಿಸಬೇಕಾದುದೇ ಇಲ್ಲ. ಫಿಲ್ಮಿನಿಂದ ಪ್ರತಿಫಲಿಸಿದ ಬೆಳಕನ್ನು ತಾನೇ ಅಳೆದು ಫ್ಲಾಷನ್ನು ಆರಿಸುವ ಏರ್ಪಾಡು 1975ರ ಓಎಂ-2 ಕ್ಯಾಮರಾದಲ್ಲಿ ಬಂದಿತು. ಜಾಣತನದ್ದೇ ಹೌದು, ಆದರೆ ಅದಿಲ್ಲದವರು ಮರುಗಬೇಕಾಗಿಲ್ಲ.

ಹಾಗಾದರೆ ಕೊಳ್ಳುವಾಗ ನೋಡಬೇಕಾದುದೇನು? ಶಕ್ತಿಯನ್ನು ನಾಲ್ಕನೆಯ, ಹದಿನಾರನೆಯ ಪಾಲಿಗೆ ಇಳಿಸುವ ಗುಂಡಿ ಇದ್ದರೆ ಬಹಳ ಒಳ್ಳೆಯದು. ಇಳಿಸಿದಷ್ಟೂ ಮಿಂಚಿನ ಕಾಲವೂ ಮೊಟಕಾಗುತ್ತದೆ. ಅದಿಲ್ಲದಿದ್ದರೆ ಫ್ಲಾಷಿನ ಮುಖಕ್ಕೆ ಬಿಳಿಯ ಕಾಗದದ ಪದರಗಳನ್ನು ಕಟ್ಟಿದರಾಯಿತು, ನೆರಳೂ ಮೃದುವಾಗುತ್ತದೆ. ಫ್ಲಾಷನ್ನು ಕ್ಯಾಮರಾದಿಂದ ಬಿಡಿಸಿ ಹಿಡಿಯಲು ತಂತಿ ಬೇಕೇ ಬೇಕು. ಕ್ಯಾಮರಾದ ನೆತ್ತಿಯ ಮೇಲೆಯೇ ಕೂರಿಸಿದರೆ ಉದ್ದನೆಯ ಮಸೂರದ ನೆರಳು ಇರುವೆಯನ್ನು ನುಂಗಿಬಿಡುತ್ತದೆ. ಮಸೂರವನ್ನು ಸುತ್ತುವರಿಯುವ ಉಂಗುರ ಫ್ಲಾಷ್ ಹಲ್ಲಿನ ಚಿತ್ರಗಳಿಗಾಗಿ 1950ರ ದಶಕದಲ್ಲಿ ರೂಢಿಗೆ ಬಂದದ್ದು. ಅದು ನೆರಳನ್ನೇ ಅಳಿಸುವುದರಿಂದ ಇರುವೆಯ ಮೈಯ ಉಬ್ಬುತಗ್ಗು ಕಾಣದೆ ಚಪ್ಪಟೆಯಾಗುತ್ತದೆ. ನನಗೆ ಅದು ಹಿಡಿಸದು.

ಹಳೆಯ ಫ್ಲಾಷುಗಳಲ್ಲಿ ಕೆಲವು ಕ್ಯಾಮರಾದ ಸಂಪರ್ಕಕ್ಕೆ 200 ವೋಲ್ಟಿಗೂ ಮೀರಿದ ಒತ್ತಡ ಹಾಕುತ್ತವೆ. ಓಎಂ-1ರಂಥ ಯಾಂತ್ರಿಕ ಕ್ಯಾಮರಾ ಅದನ್ನು ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಡಿಜಿಟಲ್ ಕ್ಯಾಮರಾಕ್ಕೆ ಮಾತ್ರ ಅವನ್ನು ಜೋಡಿಸಬೇಡಿ. ಒಳಗಿನ ಕೆಪ್ಯಾಸಿಟರಿನಲ್ಲಿ ಸುಮಾರು 300 ವೋಲ್ಟ್ ಉಳಿದಿರುತ್ತದೆ, ಆದುದರಿಂದ ಕುತೂಹಲಕ್ಕಾಗಿಯೂ ಫ್ಲಾಷನ್ನು ಬಿಚ್ಚಕೂಡದು.

ನನ್ನ ಮೊದಲ ಸುರುಳಿಯ ಕಥೆಯನ್ನೂ ಹೇಳಿಬಿಡುತ್ತೇನೆ. 36 ಚಿತ್ರಗಳನ್ನು ತೆಗೆದು ತೊಳೆದರೆ ನೆಗೆಟಿವ್ ಗಾಜಿನಂತೆ ಬರಿದಾಗಿತ್ತು. ಹಳೆಯ ಕ್ಯಾಮರಾಗಳಲ್ಲಿ ಎಫ್‌ಪಿ, ಎಕ್ಸ್ ಎಂಬ ಎರಡು ಗುರುತುಗಳಿರುತ್ತವೆ. ಎಫ್‌ಪಿ ಎಂಬುದು ನಿಧಾನವಾಗಿ ಹೊತ್ತಿಕೊಳ್ಳುವ ಹಿಂದಿನ ಕಾಲದ ಬಲ್ಬುಗಳಿಗೆ. ಪರದೆ ಸರಿಯುವ ಮೊದಲೇ ಅದು ಕಿಡಿ ಕೊಡುತ್ತದೆ. ನಾನು ಅದನ್ನೇ ಇಟ್ಟಿದ್ದೆ. ಪರದೆ ತೆರೆಯುವ ವೇಳೆಗೆ ನನ್ನ ಮಿಂಚು ಮುಗಿದುಹೋಗಿತ್ತು! ಗುರುತು ಎಕ್ಸ್‌ನಲ್ಲಿರಲಿ. ವೇಗ ಓಎಂ-1ರಲ್ಲಿ ಅರವತ್ತನೆಯ ಒಂದು ಭಾಗವನ್ನು ಮೀರದಿರಲಿ; ಮೀರಿದರೆ ಪರದೆ ಪೂರ್ತಿ ತೆರೆಯದೆ ಚಿತ್ರದ ಒಂದು ಪಟ್ಟಿ ಮಾತ್ರ ಮೂಡುತ್ತದೆ. ಇರುವೆಯ ಮೇಲೆ ನೇರ ಬಿಸಿಲು ಬೀಳದಂತೆ ಕೊಡೆ ಹಿಡಿಯುವುದೂ ಒಳ್ಳೆಯದು.

ಮೇಲಿನ ಲೆಕ್ಕ ಫ್ಲಾಷನ್ನು ಒಂದು ಬಿಂದುವೆಂದು ಭಾವಿಸಿದೆ. ಅದರ ಮುಖ ನಾಲ್ಕೈದು ಸೆ.ಮೀ. ಅಗಲವಿದ್ದು ಇರುವೆ ಹತ್ತೇ ಸೆ.ಮೀ. ದೂರದಲ್ಲಿರುವಾಗ ಆ ಭಾವನೆ ಪೂರ್ತಿ ನಿಲ್ಲದು. ಆದುದರಿಂದ ಮೊದಲ ಹತ್ತು ಚಿತ್ರಗಳನ್ನು ಪರೀಕ್ಷೆಗೆ ಮೀಸಲಿಟ್ಟು, ಒಂದು, ಎರಡು, ಮೂರು ಪದರ ಕಾಗದ ಹಾಕಿ ತೆಗೆದು, ಪ್ರತಿಯೊಂದನ್ನೂ ಪುಸ್ತಕದಲ್ಲಿ ಬರೆದಿಡಬೇಕು.

ನಮ್ಮ ವಿದ್ಯಾರ್ಥಿ ಬೇರೊಬ್ಬರು ಬಳಸಿದ್ದ ಪುಟ್ಟ ಫ್ಲಾಷೊಂದನ್ನು ಕೊಂಡ. ಉಳಿದ ಹಣಕ್ಕೆ ಎರಡು ಸುರುಳಿ ಫಿಲ್ಮು ಬಂದಿತು. ಮೂರು ವಾರಗಳ ಮೇಲೆ ಅವನು ತಂದ ಚಿತ್ರವೊಂದರಲ್ಲಿ ಚಗಳಿಯ ದವಡೆಯ ಹಲ್ಲುಗಳನ್ನು ಎಣಿಸಬಹುದಾಗಿತ್ತು. ಅವು ಕಚ್ಚಿದ್ದ ಬೆರಳನ್ನೂ ತೋರಿಸಿದ.