ಕೂದಲೆಳೆಯ ಸಂದು: ಲಾರಿ ಎಂಜಿನ್ ಬಿಚ್ಚಿ ಕಟ್ಟುವುದು

ಏರು ಹತ್ತುವಾಗ ಲಾರಿ ನೀಲಿ ಹೊಗೆ ಬಿಡುತ್ತದೆ. ಆಯಿಲ್ ಹಾಕುವ ಮುಚ್ಚಳ ತೆಗೆದರೆ ಬುಸಬುಸ ಹೊಗೆ ಮುಖಕ್ಕೆ ಹೊಡೆಯುತ್ತದೆ. ಗ್ಯಾರೇಜಿನವರಿಗೆ ಅಷ್ಟು ಸಾಕು, “ಬ್ಯಾಕ್ ಕಂಪ್ರೆಶನ್ ಬಂದಿದೆ, ಎಂಜಿನ್ ಇಳಿಸ್ಬೇಕು” ಎಂದುಬಿಡುತ್ತಾರೆ. ಪಿಸ್ಟನ್ನಿನ ಮೇಲೆ ಉರಿದ ಅನಿಲ ರಿಂಗುಗಳ ಪಕ್ಕದಿಂದ ನುಸುಳಿ ಕೆಳಗಿನ ಆಯಿಲ್ ಚೇಂಬರಿಗೆ ಇಳಿಯುತ್ತಿದೆ, ಕೆಳಗಿನ ಆಯಿಲ್ ಮೇಲೆ ಹತ್ತಿ ಉರಿಯುತ್ತಿದೆ ಎಂದು ಅದರರ್ಥ. ನುಸುಳಲು ಬೇಕಾದ ದಾರಿ ದೊಡ್ಡದೇನಲ್ಲ. ನಮ್ಮ ತಲೆಗೂದಲಿನ ದಪ್ಪ ಸುಮಾರು 0.07 ಮಿ.ಮೀ. ಅಂಥ ನಾಲ್ಕೈದು ಕೂದಲು ಹಿಡಿಸುವಷ್ಟು ಸಿಲಿಂಡರು ಸವೆದರೆ ಎಂಜಿನ್ನಿನ ಕಸುವು ಮುಗಿಯಿತು.

ಮನೆಯ ಶೆಡ್ಡಿನಲ್ಲಿ ಮಾಡಬಹುದಾದ ಕೆಲಸಕ್ಕೆ ಟಾಟಾ 697 ಒಳ್ಳೆಯ ಉದಾಹರಣೆ. ಹೆಸರಿನಲ್ಲೇ ಲೆಕ್ಕವಿದೆ: 6 ಸಿಲಿಂಡರು, ಒಂದೊಂದರ ಅಗಲ 97 ಮಿ.ಮೀ. ಪಿಸ್ಟನ್ನಿನ ಓಟ 128 ಮಿ.ಮೀ. ಗುಣಿಸಿ ನೋಡಿದರೆ ಒಟ್ಟು 5675 ಸಿ.ಸಿ. ಇದರ ತಮ್ಮ 497ರಲ್ಲಿ ಇದೇ ಅಳತೆಯ ನಾಲ್ಕೇ ಸಿಲಿಂಡರು. 1954ರಲ್ಲಿ ಜಮ್‌ಶೇಡ್‌ಪುರದಲ್ಲಿ ಟಾಟಾದವರ ಟೆಲ್ಕೊ ಕಂಪನಿ ಜರ್ಮನಿಯ ಬೆನ್ಜ್ ಜೊತೆ ಸೇರಿ ಲಾರಿ ಮಾಡತೊಡಗಿತಲ್ಲ, ಈ ಎಂಜಿನ್ನು ಆ ನಂಟಿನಿಂದ ಬಂದ ಮನೆತನದ್ದು. ಕಂಪ್ಯೂಟರಿಲ್ಲ, ಸೆನ್ಸರಿಲ್ಲ. ಕಣ್ಣಿಗೆ ಕಾಣುವ ಗಿಯರು, ಕೈಗೆ ಸಿಗುವ ಬೋಲ್ಟು, ಅಷ್ಟೆ.

ಇಳಿಸುವ ಕೆಲಸಕ್ಕೆ ಬೇಕಾದ್ದು ತಾಳ್ಮೆ, ಜೊತೆಗೊಂದು ಗಟ್ಟಿ ಚೈನ್ ಪುಲ್ಲಿ. ತೂಕ ನಾಲ್ಕು ಕ್ವಿಂಟಾಲಿನ ಆಸುಪಾಸು. ಮಾವಿನ ಕೊಂಬೆಗೆ, ಹಳೇ ಮನೆಯ ತೊಲೆಗೆ ನೇತುಹಾಕುವವರನ್ನು ಕಂಡಿದ್ದೇನೆ. ನೀವು ಹಾಗೆ ಮಾಡಬೇಡಿ. ತೂಗುತ್ತಿರುವ ಎಂಜಿನ್ನಿನ ಕೆಳಗೆ ಕೈಯನ್ನೂ ಚಾಚಬಾರದು.

ಬಿಚ್ಚುವಾಗ ಗುರುತು ಹಾಕುವುದೇ ಅರ್ಧ ಕೆಲಸ. ಕ್ರ್ಯಾಂಕನ್ನು ಹಿಡಿದಿಡುವ ಮೇನ್ ಕ್ಯಾಪುಗಳು ನೋಡಲು ಒಂದೇ ಥರ ಇರುತ್ತವೆ. ಆದರೆ ಅವನ್ನು ಬ್ಲಾಕಿಗೆ ಬಿಗಿದ ಮೇಲೆಯೇ ಉದ್ದಕ್ಕೂ ಒಟ್ಟಿಗೆ ಕೊರೆದಿರುತ್ತಾರೆ. ಮೂರನೆಯದು ನಾಲ್ಕನೆಯದರ ಜಾಗಕ್ಕೆ ಹೋದರೆ, ಅಥವಾ ಹಿಂದುಮುಂದಾದರೆ, ದುಂಡಗಿನ ತೂತು ದುಂಡಗೆ ಉಳಿಯುವುದಿಲ್ಲ. ಕನೆಕ್ಟಿಂಗ್ ರಾಡಿಗೂ ಅದರ ಕ್ಯಾಪಿಗೂ ಇದೇ ಮಾತು.

ಈಗ ಅಳತೆ. ಸಿಲಿಂಡರಿನ ಮೇಲ್ತುದಿಯಲ್ಲಿ ಉಗುರು ಆಡಿಸಿದರೆ ಒಂದು ಅಂಚು ತಗುಲುತ್ತದೆ. ಮೇಲಿನ ರಿಂಗು ಹತ್ತಿ ತಿರುಗಿ ಇಳಿಯುವ ಜಾಗ ಅದು. ಅಲ್ಲಿ ಕಾವೂ ಒತ್ತಡವೂ ಹೆಚ್ಚು, ರಿಂಗು ಅರೆಗಳಿಗೆ ನಿಲ್ಲುವುದರಿಂದ ಆಯಿಲಿನ ಪದರ ತೆಳು; ಹಾಗಾಗಿ ಸವೆತವೂ ಅಲ್ಲೇ ಹೆಚ್ಚು. ಅದರ ಮೇಲಕ್ಕೆ ರಿಂಗು ಮುಟ್ಟುವುದೇ ಇಲ್ಲವಾದ್ದರಿಂದ ಹಳೆಯ ಲೋಹ ಅಂಚಾಗಿ ಉಳಿಯುತ್ತದೆ. ಪಿಸ್ಟನ್ನು ಓರೆಯಾಗಿ ಒತ್ತುವ ಎರಡು ಮಗ್ಗುಲಲ್ಲಿ ಸವೆತ ಇನ್ನೂ ಜಾಸ್ತಿ. ಅಂದರೆ ಹಳೇ ಸಿಲಿಂಡರು ಮೇಲೆ ಅಗಲ ಕೆಳಗೆ ಕಿರಿದು, ಸಾಲದ್ದಕ್ಕೆ ಮೊಟ್ಟೆಯಾಕಾರ. ಬೋರ್ ಗೇಜಿನಲ್ಲಿ ಮೇಲೆ, ನಡುವೆ, ಕೆಳಗೆ, ಎರಡೆರಡು ದಿಕ್ಕಿನಲ್ಲಿ ಅಳೆಯಬೇಕು. ಆರು ಸಿಲಿಂಡರಿಗೆ 36 ಅಳತೆ. ಬೇಸರವೆನಿಸಿದರೂ ಬರೆದಿಡಿ.

ಬೋರಿಂಗ್, ಹೋನಿಂಗ್, ಕ್ರ್ಯಾಂಕ್ ಗ್ರೈಂಡಿಂಗ್ ಮನೆಯಲ್ಲಾಗುವ ಕೆಲಸಗಳಲ್ಲ. ಅವಕ್ಕೆ ಎಂಜಿನ್ ಬೋರಿಂಗ್ ಅಂಗಡಿಗೇ ಹೋಗಬೇಕು. ಅಲ್ಲಿ ಸಿಲಿಂಡರಿನ ಒಳತೋಳಾದ ಲೈನರ್ ಬದಲಿಸಿ ಕೊರೆಯುತ್ತಾರೆ, ಕ್ರ್ಯಾಂಕನ್ನು 0.25, 0.50 ಮಿ.ಮೀ. ಹೀಗೆ ಹಂತದಲ್ಲಿ ತೆಳುವಾಗಿಸಿ ಅದಕ್ಕೆ ತಕ್ಕ ದಪ್ಪ ಬೇರಿಂಗು ಹೇಳುತ್ತಾರೆ. ವಾಪಸು ಬಂದ ಕ್ರ್ಯಾಂಕಿನಲ್ಲಿ ಬೇರಿಂಗು ಕೂರುವ ದುಂಡುಭಾಗ, ಅಂದರೆ ಜರ್ನಲ್ಲು, ಮುಗಿದು ಗೋಡೆ ಏಳುವ ಮೂಲೆಯನ್ನು ನೋಡಿ. ಅದು ಬಟ್ಟಲಿನ ಒಳಮೂಲೆಯಂತೆ ಬಾಗಿರಬೇಕು. ಚೂಪಾಗಿದ್ದರೆ ಬಿರುಕು ಹುಟ್ಟುವುದು ಅಲ್ಲಿಂದಲೇ.

ಹೋನಿಂಗ್ ಆದ ಸಿಲಿಂಡರಿನ ಗೋಡೆಯಲ್ಲಿ ಚಾಪೆ ಹೆಣಿಗೆಯಂಥ ಅಡ್ಡಡ್ಡ ಗೀರುಗಳಿರುತ್ತವೆ. ಕೆಲಸ ಕೆಟ್ಟಿದೆ ಎಂದುಕೊಳ್ಳಬೇಡಿ. ಆಯಿಲ್ ನಿಲ್ಲುವುದು ಆ ಗೀರುಗಳಲ್ಲೇ. ಆದರೆ ಸಾಣೆಯ ಪುಡಿಯೂ ಅಲ್ಲೇ ಕೂತಿರುತ್ತದೆ. ನಮ್ಮಲ್ಲಿ ಡೀಸೆಲಿನಲ್ಲಿ ತೊಳೆದು ಗಾಳಿ ಹೊಡೆದು ಮುಗಿಸುವ ರೂಢಿಯಿದೆ. ಡೀಸೆಲು ಜಿಡ್ಡನ್ನು ಬಿಡಿಸುತ್ತದೆ, ಪುಡಿಯನ್ನು ಗೀರಿನಲ್ಲೇ ಉಳಿಸುತ್ತದೆ. ಹೊಸ ರಿಂಗು ಬೇಗ ಸವೆಯಲು ಅಷ್ಟು ಸಾಕು. ಬಿಸಿನೀರು, ಬಟ್ಟೆ ಸೋಪು, ಬ್ರಷ್ಷು ಹಿಡಿದು ಪಾತ್ರೆ ತಿಕ್ಕಿದಂತೆ ತಿಕ್ಕಿ. ಹಳೇ ಬಿಳಿ ಪಂಚೆಯ ತುಂಡಿಗೆ ಆಯಿಲ್ ಹಚ್ಚಿ ಒರೆಸಿ; ತುಂಡು ಬೂದಿಬಣ್ಣಕ್ಕೆ ತಿರುಗಿದರೆ ಮತ್ತೆ ಸೋಪು. ಶುದ್ಧವಾದೊಡನೆ ಆಯಿಲ್ ಸವರಿ, ಇಲ್ಲವಾದರೆ ಕಾಫಿ ಕುಡಿದು ಬರುವಷ್ಟರಲ್ಲಿ ತುಕ್ಕು ಕೆಂಪಗೆ ಮೂಡಿರುತ್ತದೆ. ಎಂಜಿನ್ ಕೆಲಸದಲ್ಲಿ ಟಾರ್ಕ್ ರೆಂಚಿಗಿಂತ ಸೋಪು ಮುಖ್ಯ ಎಂದರೆ ನಗುತ್ತಾರೆ, ನಾನಂತೂ ಹಾಗೇ ನಂಬಿದ್ದೇನೆ.

ಕಟ್ಟುವಾಗ ಮತ್ತೆ ಸಂದಿನ ಲೆಕ್ಕ. ರಿಂಗೊಂದನ್ನೇ ಸಿಲಿಂಡರಿಗೆ ಇಳಿಸಿ, ತಲೆಕೆಳಗಾಗಿ ಹಿಡಿದ ಪಿಸ್ಟನ್ನಿನಿಂದ ಒಂದಿಷ್ಟು ತಳ್ಳಿ ನೆಟ್ಟಗೆ ಕೂರಿಸಿ, ಬಾಯಿಯ ಸಂದಿಗೆ ಫೀಲರ್ ಗೇಜ್ ತೂರಿಸಬೇಕು. ಈ ಅಗಲದ ಸಿಲಿಂಡರಿಗೆ ಸಂದು ಸಾಮಾನ್ಯವಾಗಿ ಅರ್ಧ ಮಿ.ಮೀ. ಒಳಗೆ, ಸರಿಯಾದ ಅಂಕಿಯನ್ನು ಎಂಜಿನ್ನಿನ ಪುಸ್ತಕದಲ್ಲೇ ನೋಡಿ. ಸಂದೇ ಇಲ್ಲದಿದ್ದರೆ ಕಾವಿಗೆ ಹಿಗ್ಗಿದ ರಿಂಗಿನ ತುದಿಗಳು ಒಂದಕ್ಕೊಂದು ಗುದ್ದಿ ರಿಂಗು ಮುರಿಯುತ್ತದೆ. ಬೇರಿಂಗಿನ ಸಂದು ಇನ್ನೂ ಚಿಕ್ಕದು, ಒಂದು ಕೂದಲಿನಷ್ಟು. ಅದನ್ನು ನೋಡಲು ಪ್ಲಾಸ್ಟಿಗೇಜ್ ಎಂಬ ಮೇಣದಂಥ ನೂಲು ಸಿಗುತ್ತದೆ. ಒಣಗಿದ ಜರ್ನಲ್ಲಿನ ಮೇಲೆ ಇಟ್ಟು, ಕ್ಯಾಪು ಬಿಗಿದು, ಕ್ರ್ಯಾಂಕು ತಿರುಗಿಸದೆ ಬಿಚ್ಚಿ, ನೂಲು ಎಷ್ಟು ಅಗಲಕ್ಕೆ ಅಪ್ಪಚ್ಚಿಯಾಗಿದೆ ಎಂದು ಪೊಟ್ಟಣದ ಮೇಲಿನ ಪಟ್ಟಿಗೆ ಹಿಡಿದು ನೋಡುವುದು.

ಇಲ್ಲೊಂದು ತಪ್ಪೊಪ್ಪಿಗೆ. ಮೇನ್ ಬೇರಿಂಗಿನ ಎರಡು ಅರ್ಧಗಳಲ್ಲಿ ಆಯಿಲ್ ತೂತು ಇರುವುದು ಬ್ಲಾಕಿನ ಕಡೆಗೆ ಹೋಗಬೇಕು. ನಾನು ಮೊದಲ ಸಲ ಕಟ್ಟಿದಾಗ ಒಂದನ್ನು ಅದಲುಬದಲು ಮಾಡಿದ್ದೆ. ಕೈಯಲ್ಲಿ ತಿರುಗಿಸಿದರೆ ಬೆಣ್ಣೆಯಂತೆ ತಿರುಗಿತು. ಸ್ಟಾರ್ಟಾದ ಕೆಲವೇ ನಿಮಿಷಕ್ಕೆ ಕಿರುಗುಟ್ಟಿ ಹಿಡಿದುಕೊಂಡಿತು. ಗ್ರೈಂಡಿಂಗಿನ ಖರ್ಚು ಎರಡನೇ ಸಲ. ಅಂದಿನಿಂದ ಕ್ಯಾಪು ಮುಚ್ಚುವ ಮುಂಚೆ ಪ್ರತಿ ತೂತಿಗೂ ತಂತಿ ತೂರಿಸಿ ನೋಡುತ್ತೇನೆ.

ಹೆಡ್ಡಿನ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ ಬಿಗಿಯಬೇಕು. ಬೋಲ್ಟೂ ಒಂದು ಸ್ಪ್ರಿಂಗೇ. ಎಳೆದಾಗ ತುಸು ಉದ್ದವಾಗಿ, ಆ ಎಳೆತದಿಂದಲೇ ಗ್ಯಾಸ್ಕೆಟ್ಟನ್ನು ಅದುಮುತ್ತದೆ. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಎಳೆಯುವವನಿಗೆ ಅದು ಎಲ್ಲಿ ಸಾಕಾಯಿತೆಂದು ಗೊತ್ತಾಗುವುದಿಲ್ಲ. ಡೀಸೆಲ್ ಪಂಪು, ನಾಝಲ್ಲುಗಳನ್ನು ಅವುಗಳದ್ದೇ ಅಂಗಡಿಗೆ ಕೊಡಿ. ನಾಝಲ್ಲು ಸಿಡಿಸುವ ಡೀಸೆಲು ಚರ್ಮವನ್ನೇ ತೂರಿ ಒಳಗೆ ಹೋಗಬಲ್ಲದು, ಬೆರಳು ಹಿಡಿದು ಪರೀಕ್ಷಿಸುವ ಚಟ ಬೇಡ.

ಕೂರಿಸುವಾಗ ಕ್ಲಚ್ ಪ್ಲೇಟು ನಡುಮಧ್ಯಕ್ಕೆ ಬರಬೇಕು. ಹಳೇ ಗಿಯರ್‌ಬಾಕ್ಸಿನ ಶಾಫ್ಟೊಂದು ಸಿಕ್ಕರೆ ಅದನ್ನೇ ತೂರಿಸಿ ಪ್ಲೇಟು ಬಿಗಿಯಿರಿ. ಗಿಯರ್‌ಬಾಕ್ಸು ಎಂಜಿನ್ನಿಗೆ ಒಂದು ಬೆರಳಿನಷ್ಟು ದೂರದಲ್ಲಿ ನಿಂತುಬಿಟ್ಟರೆ ಬೋಲ್ಟು ಹಾಕಿ ಎಳೆಯುವ ಆಸೆಯಾಗುತ್ತದೆ. ಎಳೆದರೆ ಬೋಲ್ಟು ಹಿಡಿಯುವ ಕಿವಿ ಮುರಿಯುತ್ತದೆ. ಕ್ರ್ಯಾಂಕನ್ನು ಒಂದಿಷ್ಟು ತಿರುಗಿಸಿ, ಹಲ್ಲು ಕೂಡಿಕೊಂಡರೆ ತಾನೇ ಒಳಹೋಗುತ್ತದೆ. ಬ್ಲಾಕೇ ಬದಲಾಗಿದ್ದರೆ ಎಂಜಿನ್ ನಂಬರು ಆರ್.ಸಿ.ಯಲ್ಲೂ ಬದಲಾಗಬೇಕು, ಮರೆಯಬೇಡಿ.

ಸ್ಟಾರ್ಟ್ ಮಾಡುವ ಮೊದಲು ಡೀಸೆಲ್ ನಿಲ್ಲಿಸುವ ಲಿವರ್ ಎಳೆದಿಟ್ಟು, ಆಯಿಲ್ ಒತ್ತಡದ ಮುಳ್ಳು ಏಳುವ ತನಕ ನಡುನಡುವೆ ಬಿಡುವು ಕೊಟ್ಟು ಸ್ಟಾರ್ಟರಿನಿಂದ ತಿರುಗಿಸಿ. ಆಮೇಲೆ ಡೀಸೆಲ್ ಸಾಲಿನ ಗಾಳಿ ತೆಗೆಯುವುದು: ಫಿಲ್ಟರಿನ ಸ್ಕ್ರೂ ಸಡಿಲಿಸಿ, ನೊರೆ ನಿಂತು ತಿಳಿ ಡೀಸೆಲು ಬರುವವರೆಗೆ ಕೈಪಂಪು ಒತ್ತಿ. ಹೊಸ ಎಂಜಿನ್ನೆಂದು ಗಂಟೆಗಟ್ಟಲೆ ಐಡ್ಲಿಂಗಿನಲ್ಲಿ ಬಿಡುವ ಅಭ್ಯಾಸ ತಪ್ಪು. ರಿಂಗನ್ನು ಗೋಡೆಗೆ ಒತ್ತುವುದು ಉರಿಯುವ ಅನಿಲದ ಒತ್ತಡವೇ. ಭಾರವಿಲ್ಲದಿದ್ದರೆ ಒತ್ತಡವಿಲ್ಲ, ಗೀರುಗಳ ಮೇಲೆ ಗಾಜಿನಂಥ ಪೊರೆ ಕಟ್ಟಿ ರಿಂಗು ಕೂರುವುದೇ ಇಲ್ಲ. ಹದವಾದ ಲೋಡು ಹಾಕಿ, ವೇಗ ಏರಿಳಿಸುತ್ತಾ ಓಡಿಸಿ.

ಮೊದಲ ಆಯಿಲನ್ನು ಕೆಲವು ನೂರು ಕಿ.ಮೀ.ಗೇ ಬಿಳಿ ಬೇಸಿನ್ನಿಗೆ ಇಳಿಸಿ ಬಿಸಿಲಿಗೆ ಹಿಡಿದು ನೋಡಿ. ವಿಭೂತಿಯಂಥ ಸಣ್ಣ ಮಿನುಗು ಇದ್ದರೆ ರಿಂಗು ಕೂರುತ್ತಿದೆ. ಉಗುರಿಗೆ ಸಿಗುವಂಥ ಚೂರು ಕಂಡರೆ, ಚೈನ್ ಪುಲ್ಲಿಯನ್ನು ಇನ್ನೂ ಅಟ್ಟಕ್ಕೆ ಹಾಕಬೇಡಿ.