ಕಂಪ್ಯೂಟರಿಗೆ ಕಂಡೆನ್ಸರ್ ಮೈಕ್ ಜೋಡಣೆ
ಕಂಡೆನ್ಸರ್ ಮೈಕ್‌ನಿಂದ ಹೊರಡುವ ಸಿಗ್ನಲ್ ಬಹಳ ಸಣ್ಣದು, ಕೆಲವೇ ಮಿಲಿವೋಲ್ಟ್. ಅದನ್ನು ಕಂಪ್ಯೂಟರಿಗೆ ಮುಟ್ಟಿಸಲು ನಡುವೆ ಆಡಿಯೊ ಇಂಟರ್‌ಫೇಸ್ ಬೇಕು: ಮೈಕ್‌ನಿಂದ ಅದಕ್ಕೆ ಎಕ್ಸ್‌ಎಲ್‌ಆರ್ ಕೇಬಲ್, ಅಲ್ಲಿಂದ ಕಂಪ್ಯೂಟರಿಗೆ ಯುಎಸ್‌ಬಿ.

ಎಕ್ಸ್‌ಎಲ್‌ಆರ್ ತುದಿಯಲ್ಲಿ ಮೂರು ಪಿನ್. ಒಂದನೆಯದು ಗ್ರೌಂಡ್, ಎರಡು ಮತ್ತು ಮೂರರಲ್ಲಿ ಒಂದೇ ದನಿ, ಆದರೆ ಒಂದಕ್ಕೊಂದು ತಿರುವುಮುರುವು. ದಾರಿಯಲ್ಲಿ ಸೇರಿಕೊಂಡ ಗುಂಯ್ ಸದ್ದು ಎರಡರಲ್ಲೂ ಸಮನಾಗಿರುತ್ತದೆ. ಇಂಟರ್‌ಫೇಸ್ ಒಂದರಿಂದ ಇನ್ನೊಂದನ್ನು ಕಳೆದಾಗ ಆ ಸದ್ದು ಅಳಿದು ದನಿ ಉಳಿಯುತ್ತದೆ. ಎಷ್ಟು ಸೊಗಸಾದ ಉಪಾಯ!

ಕೇಬಲ್ ಕೂರಿಸಿ, ಇಂಟರ್‌ಫೇಸ್‌ನ ಗೇನ್ (ಸಿಗ್ನಲ್ ಹಿಗ್ಗಿಸುವ ಮಟ್ಟ) ಪೂರ್ತಿ ಇಳಿಸಿದ ಮೇಲೆಯೇ 48 ವೋಲ್ಟ್ ಗುಂಡಿ ಒತ್ತಬೇಕು. ಕಂಡೆನ್ಸರ್‌ಗೆ ವಿದ್ಯುತ್ ಒದಗಿಸುವ ಫ್ಯಾಂಟಮ್ ಪವರ್ ಇದೇ. ಹಳೆಯ ರಿಬ್ಬನ್ ಮೈಕ್‌ಗಳಿಗೆ ಇದರಿಂದ ಹಾನಿಯಾಗಬಹುದು.

ನಂತರ ಮಾಮೂಲಿ ದನಿಯಲ್ಲಿ ಮಾತಾಡುತ್ತ, ಮೀಟರ್ ಮೈನಸ್ 12 ಡೆಸಿಬೆಲ್ ಆಸುಪಾಸು ಆಡುವವರೆಗೆ ಗೇನ್ ಏರಿಸಬೇಕು. ಕೆಂಪು ದೀಪ ಹೊತ್ತಿದರೆ ದನಿ ಒಡೆಯುತ್ತಿದೆ, ಗೇನ್ ಇಳಿಸಬೇಕು.