ಉಪವಾಸವೂ ಮೈಯೊಳಗಿನ ಮನೆಗೆಲಸವೂ

ಉಪವಾಸವಿದ್ದರೆ ಮೈಯೊಳಗಿನ ಕಸವೆಲ್ಲ ತಾನೇ ಹೋಗುತ್ತದಂತೆ, ಅದಕ್ಕೆ ನೊಬೆಲ್ ಬಹುಮಾನವೂ ಬಂದಿದೆಯಂತೆ! ಈ ಮಾತು ನಿಮ್ಮ ಕಿವಿಗೂ ಬಿದ್ದಿರಬೇಕು. ನಮ್ಮ ಅತ್ತೆಯವರ ಕಿವಿಗೂ ಬಿತ್ತು. ಹೋದ ವರ್ಷ ಒಂದು ಏಕಾದಶಿಯ ದಿನ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ನಿಟ್ಟುಪವಾಸ ಕೂತರು. ಮಧ್ಯಾಹ್ನ ಬಚ್ಚಲುಮನೆ ಬಾಗಿಲಲ್ಲಿ ಕುಸಿದರು. ಪುಣ್ಯಕ್ಕೆ ಎಚ್ಚರವಿತ್ತು, ಸಕ್ಕರೆ ನೀರು ಕುಡಿಸಿ ಡಾಕ್ಟರ ಬಳಿಗೆ ಓಡಿದೆವು. ಆಮೇಲೆ ಬಿ.ಎಸ್ಸಿ. ಓದುವ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಜ ಏನೆಂದು ಕೇಳಿ ತಿಳಿದುಕೊಂಡೆ.

ಈ ಕೆಲಸದ ಹೆಸರು ಆಟೋಫ್ಯಾಜಿ. ತನ್ನನ್ನು ತಾನೇ ತಿನ್ನುವುದು ಎಂದರ್ಥ. ಬೆಲ್ಜಿಯಂನ ವಿಜ್ಞಾನಿ ಕ್ರಿಶ್ಚಿಯನ್ ಡಿ ಡೂವ್ 1963ರಲ್ಲಿ ಇಟ್ಟ ಹೆಸರು ಇದು. ಹಬ್ಬಕ್ಕೆ ಮುಂಚೆ ನಾವು ಅಟ್ಟ ಇಳಿಸಿ, ಹರಿದ ಸೀರೆಯನ್ನು ಕೌದಿಗೆ ಎತ್ತಿಡುವುದಿಲ್ಲವೇ? ಜೀವಕೋಶದೊಳಗೂ ಹಾಗೆಯೇ. ಕೆಟ್ಟುಹೋದ ಪ್ರೊಟೀನು, ಹಳತಾದ ಭಾಗಗಳ ಸುತ್ತ ತೆಳ್ಳನೆಯ ಪೊರೆ ಬೆಳೆಯುತ್ತದೆ. ಕಡುಬಿಗೆ ಹೂರಣವಿಟ್ಟು ಕಣಕದ ಅಂಚು ಕೂಡಿಸುತ್ತೇವಲ್ಲ, ಹಾಗೆ ಬಾಯಿ ಮುಚ್ಚಿಕೊಂಡು ಚೀಲವಾಗುತ್ತದೆ.

ಇದನ್ನೆಲ್ಲ ಮಾಡಿಸುವವು ಪ್ರೊಟೀನುಗಳೇ. ಕಸವನ್ನು ಗುರುತಿಸಿ ಹಿಡಿಯುವುದು ಒಂದು, ಪೊರೆ ಬೆಳೆಸುವುದು ಇನ್ನೊಂದು. ಕೊನೆಗೆ ಸ್ನೇರ್ ಎಂಬ ಪ್ರೊಟೀನುಗಳು ಜಡೆಯ ಕಾಲುಗಳಂತೆ ಹೆಣೆದುಕೊಂಡು, ಈ ಚೀಲವನ್ನು ಲೈಸೋಸೋಮ್ ಎಂಬ ಇನ್ನೊಂದು ಚೀಲಕ್ಕೆ ಬೆಸೆಯುತ್ತವೆ. ಅಲ್ಲಿನ ಕಿಣ್ವಗಳು ಎಲ್ಲವನ್ನೂ ಅರೆದು ಚೂರು ಮಾಡುತ್ತವೆ. ಆ ಚೂರುಗಳಿಂದಲೇ ಹೊಸ ಪ್ರೊಟೀನು! ಕೆಲವನ್ನು ಶಕ್ತಿಗಾಗಿ ಸುಡುವುದೂ ಉಂಟು.

ಸರಿ, ಉಪವಾಸದ ಮಾತು ಎಲ್ಲಿಂದ ಬಂತು? ಜಪಾನಿನ ಯೋಶಿನೋರಿ ಓಸುಮಿಯವರು ಟೋಕಿಯೋ ವಿಶ್ವವಿದ್ಯಾನಿಲಯದಲ್ಲಿ ಬ್ರೆಡ್ಡು ಉಬ್ಬಿಸುವ ಯೀಸ್ಟನ್ನು ಉಪವಾಸ ಕೆಡವಿದರು. ಅರೆಯುವ ಕಿಣ್ವಗಳಿಲ್ಲದ ತಳಿಯನ್ನೇ ಆರಿಸಿದ್ದರಿಂದ, ಕೆಲವೇ ಗಂಟೆಗಳಲ್ಲಿ ಕರಗದ ಚೀಲಗಳು ತುಂಬಿಕೊಂಡು ಕಣ್ಣಿಗೆ ಬಿದ್ದವು. 1993ರಲ್ಲಿ ಈ ಕೆಲಸಕ್ಕೆ ಬೇಕಾದ 15 ಜೀನುಗಳ ಪತ್ತೆಯನ್ನು ಪ್ರಕಟಿಸಿದರು. 2016ರ ನೊಬೆಲ್ ಬಂದದ್ದು ಇದಕ್ಕೆ.

ಹಸಿವಾದಾಗ ಈ ಕೆಲಸ ಚುರುಕಾಗುವುದು ನಿಜ. ಆದರೆ ಉಂಡಾಗಲೂ ನಿಧಾನವಾಗಿ ನಡೆದೇ ಇರುತ್ತದೆ. ಇಷ್ಟು ಗಂಟೆ ಹಸಿದಿದ್ದರೆ ಇಂಥ ಕಾಯಿಲೆ ವಾಸಿ ಎಂದು ಆ ಬಹುಮಾನ ಹೇಳಿಲ್ಲ. ಬೆಳೆದ ಕ್ಯಾನ್ಸರ್ ಗೆಡ್ಡೆಯ ಕೋಶಗಳೂ ಇದೇ ಉಪಾಯದಿಂದ ಬದುಕಿಕೊಳ್ಳುವುದುಂಟು.

ವ್ರತ ಬೇಡವೆನ್ನುತ್ತಿಲ್ಲ, ಅಕ್ಕ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು, ಬಸುರಿಯರು, ಎಳೆಮಗುವಿಗೆ ಹಾಲೂಡಿಸುವವರು ಡಾಕ್ಟರನ್ನು ಕೇಳದೆ ಉಪವಾಸ ಕೂರಬೇಡಿ, ಅಷ್ಟೇ. "ನಾನೇನು ಯೀಸ್ಟೇನೇ?" ಎಂದು ಈಗ ಅತ್ತೆಯವರೇ ನಗುತ್ತಾರೆ. ಏಕಾದಶಿಯ ದಿನವೂ ಹೊತ್ತಿಗೆ ಸರಿಯಾಗಿ ಫಲಾಹಾರ ಮುಗಿಸಿ, ಆಮೇಲೆ ಜಪಕ್ಕೆ ಕೂರುತ್ತಾರೆ.